ಮೂರುಕೂಗಿನ ದಿಬ್ಬ

ನೇರಲಗಟ್ಟದ ಕೆರೆಯ ಮೂಡಣ ದಡದಲ್ಲಿ ಒಂದು ದಿಬ್ಬವಿದೆ. ಆಳೆತ್ತರದ ಮಣ್ಣುಗುಪ್ಪೆ, ಅದರ ನೆತ್ತಿಯಲ್ಲೊಂದು ಸೊಟ್ಟ ಬೇವಿನ ಮರ, ಮರದ ಬುಡದಲ್ಲಿ ಕೂರಲು ಎರಡು ಚಪ್ಪಡಿ, ನೋಡುವುದಕ್ಕೆ ಇಷ್ಟೇ. ಈಚೆಗೆ ಯಾರೋ ಪಕ್ಕದಲ್ಲಿ 'ವ್ಯೂ ಪಾಯಿಂಟ್' ಎಂದು ಹಳದಿ ಹಲಗೆ ನೆಟ್ಟು ಹೋಗಿದ್ದಾರೆ. ದಿಬ್ಬಕ್ಕೂ ಒಂದು ಹೆಸರಿರುತ್ತದೆ, ಊರಿನವರನ್ನು ಕೇಳಿ ತಿಳಿಯಬೇಕು ಎಂಬ ವ್ಯವಧಾನ ಹಲಗೆ ನೆಡುವವರಿಗೆ ಎಲ್ಲಿಂದ ಬರಬೇಕು? ಇನ್ನು ಕೆಲವು ಬುದ್ಧಿವಂತರು, ಮೂರು ಊರಿನ ಕೋಳಿಕೂಗು ಕೇಳಿಸುವ ಜಾಗವಾದ್ದರಿಂದ ಇದು ಮೂರುಕೂಗಿನ ದಿಬ್ಬವೆಂದು ಬರೆದು ಅಚ್ಚು ಹಾಕಿಸಿಯೂ ಬಿಟ್ಟಿದ್ದಾರೆ. ಕೋಳಿಗೂ ಈ ದಿಬ್ಬಕ್ಕೂ ಯಾವ ಸಂಬಂಧವೂ ಇಲ್ಲ. ಇದರ ಕತೆ ಬೆಸ್ತರ ಸಣ್ಣೀರನದು, ಅವನ ತಂಗಿ ದ್ಯಾವಿಯದು.

ಹಿಂದೆ ಒಮ್ಮೆ, ಈ ಸೀಮೆ ಒಬ್ಬ ನಾಯಕನ ಕೈಯಲ್ಲಿದ್ದ ಕಾಲದಲ್ಲಿ, ಕೆರೆಯ ಪಡುವಣ ದಡದಲ್ಲಿ ಬೆಸ್ತರ ಹದಿನಾಲ್ಕು ಗುಡಿಸಲುಗಳಿದ್ದವು ಎನ್ನುತ್ತಾರೆ. ಎಲ್ಲರದೂ ಹರಿಗೋಲೇ, ಬಿದಿರು ಹೆಣೆದು ತೊಗಲು ಹೊದಿಸಿದ ಬುಟ್ಟಿ. ಸಣ್ಣೀರನಿಗೆ ಹರಿಗೋಲು ಕಂಡರಾಗುತ್ತಿರಲಿಲ್ಲ. ದೊಡ್ಡ ಮೀನು ಗಾಳಕ್ಕೆ ಬಿದ್ದು ಎಳೆಯಿತೆಂದರೆ ಅದು ನಿಂತಲ್ಲೇ ಬುಗುರಿಯ ಹಾಗೆ ಸುತ್ತುತ್ತದೆ, ಹುರಿಯೆಲ್ಲ ಮೈಗೆ ಸುತ್ತಿಕೊಳ್ಳುತ್ತದೆ, ಮೀನು ತನ್ನ ದಾರಿ ಹಿಡಿಯುತ್ತದೆ. ನೆಟ್ಟಗೆ ಸಾಗುವ ದೋಣಿಯೊಂದು ಸ್ವಂತಕ್ಕೆ ಬೇಕು ಎಂಬುದೇ ಅವನ ಹಂಬಲವಾಯಿತು. ದೋಣಿ ಕೊರೆಯುವಷ್ಟು ದಪ್ಪದ ಮರ ಅವನ ಹಿತ್ತಿಲಲ್ಲಿದ್ದದ್ದು ಒಂದೇ, ಅಪ್ಪ ಸಾಯುವಾಗ ಮಗಳ ಹೆಸರಿಗೆ ಬಿಟ್ಟ ಹಳೇ ಮಾವು. ವರ್ಷಾವರ್ಷ ಅದರ ಹಣ್ಣು ಬುಟ್ಟಿ ತುಂಬಿ ಕೆರೆಯಾಚೆ ದ್ಯಾವಿಯ ಗಂಡನ ಮನೆಗೆ ಹೋಗುತ್ತಿತ್ತು. ಸಣ್ಣೀರ ಯಾರನ್ನೂ ಕೇಳದೆ ಅದಕ್ಕೆ ಕೊಡಲಿ ಹಾಕಿದ. ಆ ಬೇಸಗೆ ಬುಟ್ಟಿ ಬರಲಿಲ್ಲವಲ್ಲ ಎಂದು ದ್ಯಾವಿ ತಾನೇ ದಡ ಸುತ್ತಿಕೊಂಡು ನಡೆದು ಬಂದಳು. ಅರ್ಧ ಕೊರೆದ ದಿಮ್ಮಿಯನ್ನು ನೋಡಿದಳು. "ಒಂದು ಮಾತು ಕೇಳಿದ್ದರೆ ನಾನೇ ಕಡಿ ಅಂತಿದ್ದೆನಲ್ಲೋ ಅಣ್ಣ. ಈ ದೋಣಿಗೆ ನಾನು ಕಾಲಿಡೋದಿಲ್ಲ," ಎಂದವಳು ಅತ್ತಿಗೆ ಮಾಳವ್ವ ಕೊಟ್ಟ ನೀರನ್ನೂ ಮುಟ್ಟದೆ ಹೊರಟುಹೋದಳು. ಸಣ್ಣೀರ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಬಹುದಿತ್ತು. ಉಳಿ ಕೆಳಗಿಡಲಿಲ್ಲ.

ದೋಣಿಯನ್ನು ನೀರಿಗಿಳಿಸುವ ದಿನ ಅವನು ಪದ್ಧತಿಯಂತೆ ಬೊಗಸೆಯಲ್ಲಿ ನೀರು ಹಿಡಿದು ಗಂಗಮ್ಮನ ಆಣೆ ಇಟ್ಟ. ಆ ಆಣೆ ಹೀಗಿತ್ತು: ದಡದಿಂದ ಕರೆದ ಕೂಗು ಕಿವಿಗೆ ಬಿದ್ದರೆ ಮೂರನೆಯ ಕೂಗಿನೊಳಗೆ ದೋಣಿ ತಿರುಗಿಸುತ್ತೇನೆ, ತಪ್ಪಿದರೆ ದೋಣಿ ನನ್ನದಲ್ಲ, ಊರಿನದು. ಹರಿಗೋಲಿನವರೂ ಇದೇ ಆಣೆ ಇಟ್ಟವರೇ. ಆದರೆ ತಲೆಸುತ್ತು ಬರಿಸುವ ಬುಟ್ಟಿಯನ್ನು ಕೂಗಿ ಕರೆಯುವವರು ಯಾರು? ಜನ ದಡ ಸುತ್ತಿಕೊಂಡೇ ಅರ್ಧ ದಿನ ನಡೆಯುತ್ತಿದ್ದರು. ದೋಣಿ ಬಂದಿತು ನೋಡಿ, ಎಲ್ಲರಿಗೂ ಕಾಲುನೋವು ಶುರುವಾಯಿತು. ಸಣ್ಣೀರ ಗಾಳ ಇಳಿಬಿಟ್ಟು ಕೂತನೆಂದರೆ ಆಚೆಯಿಂದ ಅಗಸನ ಕೂಗು. ಅವನ ಬಟ್ಟೆಗಂಟು ಇಳಿಸಿ ಬಂದರೆ ಬಳೆಗಾರನ ಕೂಗು. ಒಂದು ದಿನ ಮದುವೆಯ ದಿಬ್ಬಣ, ದಾರಿಯುದ್ದಕ್ಕೂ ಬೀಗರ ಜಗಳ, ನಡುನೀರಿನಲ್ಲಿ ಎರಡೂ ಕಡೆಯವರು ಎದ್ದು ನಿಂತು ದೋಣಿ ಮಗುಚುವುದೊಂದು ಬಾಕಿ. ಇನ್ನೊಂದು ದಿನ ಆಡು ಹೊಡೆದುಕೊಂಡು ಬಂದ ಮುದುಕಿ. ಆ ಆಡು ಅವನು ಹತ್ತು ದಿನ ಕೂತು ಹೊಸೆದ ಸೆಣಬಿನ ಹುರಿಯನ್ನು ನೆಮ್ಮದಿಯಾಗಿ ಅಗಿದು ತುಂಡುಮಾಡಿತು. ಇಳಿಯುವಾಗ ಒಬ್ಬೊಬ್ಬರೂ ಕೇಳುತ್ತಿದ್ದದ್ದು ಒಂದೇ ಮಾತು, "ಏನಪ್ಪಾ, ಮೀನು ಬಿತ್ತಾ?" ದೋಣಿ ಅವನದು, ಹುಟ್ಟು ಹಾಕಿ ಬೊಬ್ಬೆಯೆದ್ದ ಅಂಗೈ ಅವನದು, ಆದರೆ ಅದರಲ್ಲಿ ಕೂತು ಒಂದು ಹಿಡಿ ಮೀನು ಹಿಡಿಯುವ ಭಾಗ್ಯ ಮಾತ್ರ ಅವನದಾಗಿರಲಿಲ್ಲ.

ಅಷ್ಟರಲ್ಲಿ ನಾಯಕನ ಅಪ್ಪಣೆ ಬಂತು. ಕೆರೆಯ ಮಡುವಿನಲ್ಲಿ ಆಳುದ್ದದ ಹಿರೀ ಬಾಳೆಮೀನೊಂದು ಇದೆಯಂತಲ್ಲ, ಕಾರ್ತಿಕದ ಹುಣ್ಣಿಮೆಯೊಳಗೆ ಅದನ್ನು ಹಿಡಿದು ತಂದವರ ಕುಲಕ್ಕೆ ಕೆರೆಯಲ್ಲಿ ಬಲೆ ಬೀಸುವ ಹಕ್ಕು, ಉಳಿದವರು ನೀರಿಗೆ ಕೈ ಹಾಕಕೂಡದು. ಕೋಡಿಯ ಕೆಳಗಿನ ಊರಿನವರೂ ಗಾಳ ಹಿಡಿದು ಬಂದರು. ಅವರಿಗೆ ಮೀನು ಬಿದ್ದರೆ ನೇರಲಗಟ್ಟದ ಹದಿನಾಲ್ಕು ಗುಡಿಸಲೂ ಗುಳೆ ಹೊರಡಬೇಕು. ಆ ಮೀನಿನ ಎಳೆತಕ್ಕೆ ತಡೆಯುವುದು ಸಣ್ಣೀರನ ದೋಣಿಯೊಂದೇ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೂಗುವವರು ಕೂಗುತ್ತಲೇ ಇದ್ದರು, ತಮ್ಮದೊಂದು ಸಲದ ಕೂಗಿನಿಂದ ಏನಾದೀತು ಎಂದು.

ಕೊನೆಗೆ ಸಣ್ಣೀರನಿಗೆ ಒಂದು ದಾರಿ ಹೊಳೆಯಿತು. ಕಿವಿಗೆ ಬಿದ್ದರೆ ತಾನೆ ಆಣೆ? ಒಂದು ಮಳೆಯ ದಿನ ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಅವನು ಕಿವಿ ಮುಚ್ಚಿಕೊಂಡು ಮನೆಗೆ ಬಂದ, ಅಂದಿನಿಂದ ಕಿವುಡನಾದ. ಮಾಳವ್ವ ಅತ್ತು ಕರೆದು ದಿನಾ ಬೆಳ್ಳುಳ್ಳಿ ಎಣ್ಣೆ ಕಾಸಿ ಕಿವಿಗೆ ಬಿಟ್ಟಳು. ಅವಳಿಗೂ ಅವನು ನಿಜ ಹೇಳಲಿಲ್ಲ. ಅಗಸ ಹಿಂದೆ ಬಂದು ತಮಟೆ ಬಡಿದು ನೋಡಿದ. ಊರಿನವರು ಅವನ ಎದುರಿಗೇ ಅವನ ದೋಣಿಗೆ ಹುಳ ಬೀಳಲಿ ಎಂದು ಶಪಿಸಿದರು. ಸಣ್ಣೀರ ಹಲ್ಲು ಕಚ್ಚಿಕೊಂಡು, ಏನು ಅಂದಿರಿ ಎಂಬಂತೆ ಬೆಪ್ಪಾಗಿ ನಕ್ಕ. ಕೂಗು ಕ್ರಮೇಣ ನಿಂತಿತು. ಸುದ್ದಿ ಬಳೆಗಾರನ ಬಾಯಲ್ಲಿ ಕೆರೆಯಾಚೆಗೂ ಹೋಯಿತು.

ಹುಣ್ಣಿಮೆಗೆ ಎರಡು ದಿನವಿತ್ತು. ಬೆಳಗಿನ ಹೊತ್ತು, ಏರಿಯ ಮೇಲೆ ಊರಗೌಡನೂ ನಾಯಕನ ಕಡೆಯವನೂ ಕೂತು ನೋಡುತ್ತಿದ್ದರು. ಕಪ್ಪೆ ಚುಚ್ಚಿದ ಗಾಳವನ್ನು ಮೀನು ನುಂಗಿತು. ದೋಣಿ ತಾನಾಗಿಯೇ ಹೊರಟಿತು. ಹುರಿ ಅಂಗೈಯನ್ನು ಸೀಳಿಕೊಂಡು ಓಡುತ್ತಿತ್ತು, ಅವನು ಪಾದವೆರಡನ್ನೂ ಮುಂಬದಿಗೆ ಒತ್ತಿ ಹಿಂದಕ್ಕೆ ವಾಲಿ ಹಿಡಿದಿದ್ದ. ಮೀನು ಅವನನ್ನು ಮೂಡಣ ದಡದ ಕಡೆಗೇ ಎಳೆದುಕೊಂಡು ಹೋಯಿತು. ಆಗ ದಿಬ್ಬದ ಮೇಲಿನಿಂದ ಕೂಗು ಬಂತು.

"ಅಣ್ಣಾ, ದೋಣಿ ತಾರೋ."

ಬೇರೆ ಯಾರ ದನಿಯಾದರೂ ಆಗಬಹುದಿತ್ತು. ಕಾಲಿಡುವುದಿಲ್ಲವೆಂದ ದೋಣಿಯನ್ನು ಅವಳೇ ಕರೆಯುತ್ತಿದ್ದಳು. ತಿರುಗಿ ನೋಡಿದರೆ ಸಾಕು, ಏರಿಯ ಮೇಲಿನ ಇಬ್ಬರಿಗೆ ಇವನ ಕಿವಿ ನೆಟ್ಟಗಿದೆಯೆಂದು ಗೊತ್ತಾಗುತ್ತದೆ. ಇಷ್ಟು ದಿನ ತಪ್ಪಿಸಿದ ಕೂಗುಗಳೆಲ್ಲ ಲೆಕ್ಕಕ್ಕೆ ಬಂದು ದೋಣಿ ಹೋಗುತ್ತದೆ, ಮೀನು ಹೋಗುತ್ತದೆ, ಹದಿನಾಲ್ಕು ಗುಡಿಸಲಿನ ಬದುಕು ಹೋಗುತ್ತದೆ. ತಂಗೀ, ಇನ್ನೊಂದು ಗಳಿಗೆ ನಿಲ್ಲು, ಇದನ್ನು ದೋಣಿಗೆ ಹಾಕಿಕೊಂಡು ನಾನೇ ಬರುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಎರಡನೆಯ ಕೂಗು ಬಂತು. ಅವನು ಹುರಿಯನ್ನೇ ನೋಡುತ್ತ ಕೂತ. ಮೂರನೆಯದು ಸ್ವಲ್ಪ ಸಣ್ಣಗಿತ್ತು. ಅದಾದ ಮೇಲೆ ಕೂಗಲಿಲ್ಲ. ಮೀನು ಸೋತು ಬೆಳ್ಳಗೆ ಹೊಟ್ಟೆ ಮೇಲಾದಾಗ ಅವನು ದಿಬ್ಬದ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಅಂದು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾಯಕ ಹಕ್ಕು ಬರೆಸಿಕೊಟ್ಟ. ಇದೆಲ್ಲ ಮುಗಿಯಲು ಒಂದು ಹಗಲು ಹಿಡಿಯಿತು. ಮಾರನೆಯ ದಿನ ಬೆಳಕು ಹರಿಯುತ್ತಲೇ ಸಣ್ಣೀರ ಒಂದು ತುಂಡು ಮೀನು ಎಲೆಯಲ್ಲಿ ಕಟ್ಟಿಕೊಂಡು ತಂಗಿಯ ಊರಿಗೆ ಹೋದ. ಮನೆಗೆ ಹೊರಗಿನಿಂದ ಅಗಳಿ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಇವನ ಮುಖದ ಹತ್ತಿರ ಬಂದು, ಕಿವುಡನಿಗೆ ಹೇಳುವಂತೆ ಬಾಯಿ ಅಗಲಿಸಿ ಗಟ್ಟಿಯಾಗಿ ಹೇಳಿದಳು. ದ್ಯಾವಿಯ ಗಂಡ ಹತ್ತಿಯ ಬಂಡಿಗಳ ಜೊತೆ ದೂರದ ಸೀಮೆಗೆ ದುಡಿಯಲು ಹೊರಟನಂತೆ, ಸಂಸಾರಸಮೇತ ನಿನ್ನೆ ಮಧ್ಯಾಹ್ನ ಹೋದರಂತೆ, ಊರು ಯಾವುದೋ ಗೊತ್ತಿಲ್ಲವಂತೆ. "ನನ್ನಣ್ಣಂಗೆ ಕಿವಿ ಹೋಗಿದೆಯಂತೆ, ಇನ್ನು ಅವನ ಮೇಲೆ ನಂಗೆಂಥಾ ಸಿಟ್ಟು, ಒಂದು ಸಲ ಮುಖ ನೋಡಿ ಬರ್ತೀನಿ ಅಂತ ಓಡಿದಳಪ್ಪಾ. ಬರುವಾಗ ಅಳ್ತಾ ಬಂದಳು. ನಿಜವಾಗ್ಲೂ ಕೇಳಿಸೋದಿಲ್ಲ ಕಣಕ್ಕಾ, ಮೂರು ಸಲ ಕೂಗಿದೆ, ಪಾಪ, ತಿರುಗಿಯೂ ನೋಡ್ಲಿಲ್ಲ ಅಂದಳು."

ದ್ಯಾವಿ ಬೈದು ಹೋಗಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಸಣ್ಣೀರ ಹಿಂದಿರುಗಿ ಬಂದು ಊರಿನವರೆದುರು ನಿಂತು, "ನಂಗೆ ಕೇಳಿಸಿತ್ತು," ಎಂದ. ಗೌಡನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದ. ಆಣೆಯಂತೆ ದೋಣಿ ಊರಿನದಾಯಿತು. ನಾಯಕ ಆಗಲೇ ಮೀನು ತಿಂದು ಮುಗಿಸಿದ್ದರಿಂದ ನಕ್ಕು ಹಕ್ಕನ್ನು ಹಾಗೆಯೇ ಬಿಟ್ಟನಂತೆ. ಸಣ್ಣೀರ ಮತ್ತೆ ಗಾಳ ಮುಟ್ಟಲಿಲ್ಲ, ಊರಿನ ದೋಣಿಗೆ ಹುಟ್ಟು ಹಾಕುವವನಾಗಿ ಮುದುಕನಾದ. ದಿಬ್ಬದಿಂದ ಯಾರು ಕೂಗಿದರೂ ಮೊದಲ ಕೂಗಿಗೇ ಹೊರಡುತ್ತಿದ್ದ. ದ್ಯಾವಿ ಮರಳಿ ಬಂದಳೆಂದು ಹೇಳುವವರು ಯಾರೂ ಇಲ್ಲ.

ಅವನ ಕುಲದವರು ಇಂದಿಗೂ ಆ ಕೆರೆಯಲ್ಲಿ ಬಲೆ ಬೀಸುತ್ತಾರೆ. ಭಾನುವಾರ ಕಾರುಗಳಲ್ಲಿ ಬರುವ ಪ್ಯಾಟೆಯ ಮಂದಿ ದಿಬ್ಬ ಹತ್ತಿ, ಫೋಟೊ ತೆಗೆದುಕೊಂಡು, ತಮಾಷೆಗೆ ನೀರಿನ ಕಡೆ ಓ ಎಂದು ಕಿರುಚುತ್ತಾರೆ. ನಡುನೀರಿನಲ್ಲಿ ಬಲೆ ಎಳೆಯುತ್ತಿರುವವನು ಅದನ್ನು ಅರ್ಧಕ್ಕೇ ಬಿಟ್ಟು ದೋಣಿ ತಿರುಗಿಸುತ್ತಾನೆ. ದಡಕ್ಕೆ ಬಂದು, "ಕೂಗಿದ್ದು ಯಾರು? ಬರೋರಿದ್ದೀರಾ?" ಎಂದು ಕೇಳುತ್ತಾನೆ. ಅವರು ನಗುತ್ತಾರೆ. ಅವನು ಸಿಟ್ಟಾಗುವುದಿಲ್ಲ. ದಿಬ್ಬದ ಮೇಲೆ ನಿಂತವರಲ್ಲಿ ಒಬ್ಬೊಬ್ಬರ ಮುಖವನ್ನೂ ಒಂದು ಸಲ ನೋಡಿಯೇ ಹಿಂದಿರುಗುತ್ತಾನೆ.