ಸೂಜಿಯ ಮೇಲಿನ ನಾಣ್ಯ

"ಗುರುಗಳೇ, ಪಕ್ಕದ ಊರಿನ ಸಂಗೀತ ಶಾಲೆಗೆ ಹೋಗಲೇ? ಅಲ್ಲಿ ಬಹಳ ಬಿಗಿಯಂತೆ. ಯಾರೂ ಹಾಡುವಾಗ ಎಡವುವುದಿಲ್ಲವಂತೆ. ನೀವೋ ಗದರುವುದೇ ಇಲ್ಲ" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ತಂಬೂರಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿನ ಬಳಿ ಅವಳ ತಾಯಿ ಹಾಡಿದ್ದ ಒಂದು ರೆಕಾರ್ಡು ಇತ್ತು. ತಾಯಿ ತೀರಿಕೊಂಡಿದ್ದಳು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಮನೆಯ ರೆಕಾರ್ಡ್ ಪ್ಲೇಯರ್ ಕೆಟ್ಟಾಗ, ಹೊಸದನ್ನು ಕೊಳ್ಳಲು ಅವಳು ಭಾವನ ಜೊತೆ ಅಂಗಡಿಗೆ ಹೋದಳು. ರೆಕಾರ್ಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ವ್ಯಾಪಾರಿ ಅದನ್ನು ಮೊದಲು ಸಣ್ಣದೊಂದು ಪ್ಲೇಯರಿನಲ್ಲಿ ಹಾಕಿದ. ಹಾಡಿನ ನಡುವೆ ಒಂದು ಗೀರಿತ್ತು. ಅಲ್ಲಿ ಸೂಜಿ ಹಾರಿತು. ಅವನು ಮುಖ ಸಿಂಡರಿಸಿ ದೊಡ್ಡ ಪ್ಲೇಯರನ್ನು ಮುಂದಕ್ಕೆಳೆದ.

"ಇದರ ಸೂಜಿ ಭಾರ, ಅಮ್ಮ. ಸಾಲದಿದ್ದರೆ ಹೀಗೆ" ಎಂದು ಸೂಜಿಯ ತಲೆಯ ಮೇಲೊಂದು ನಾಣ್ಯ ಇಟ್ಟ. "ಎಂಥ ಗೀರಿದ್ದರೂ ಹಾರುವುದಿಲ್ಲ."

ನಾಣ್ಯ ಇಡುವುದು ಊರಿಗೆಲ್ಲ ಗೊತ್ತಿದ್ದ ಉಪಾಯ. ಭಾವ ತಲೆದೂಗಿದ, ಗಿರಾಕಿಗಳೂ ತಲೆದೂಗಿದರು. ವ್ಯಾಪಾರಿಗೆ ಇನ್ನೇನು ಬೇಕು? ರೆಕಾರ್ಡಿಗೆ ಕೈ ಹಾಕಿದ. ಅವಳು ತಟ್ಟನೆ ರೆಕಾರ್ಡನ್ನು ಎತ್ತಿ ಎದೆಗೊತ್ತಿಕೊಂಡಳು.

"ನೀವು ದಿನಾ ಇದರಲ್ಲಿ ಹಾಕುವ ರೆಕಾರ್ಡನ್ನು ಮೊದಲು ಹಾಕಿ."

ವ್ಯಾಪಾರಿ ಹೊಸದೊಂದನ್ನು ತೆಗೆದ. ಅವಳು ಬೇಡವೆಂದಳು. ಕೊನೆಗೆ ಒಲ್ಲದ ಮನಸ್ಸಿನಿಂದ ದಿನಾ ಹಾಕುತ್ತಿದ್ದ ಹಳೆಯದನ್ನೇ ಹಾಕಿದ. ಸೂಜಿ ಒಮ್ಮೆಯೂ ಹಾರಲಿಲ್ಲ. ಆದರೆ ಹಾಡು ಎಲ್ಲಿತ್ತು? ಬರೀ ಗೊರಗೊರ ಸದ್ದು. ದಿನವೂ ಒತ್ತಿದ ಭಾರಕ್ಕೆ ಹಾಡು ಕೊರೆದಿದ್ದ ಗೆರೆಗಳೇ ಸವೆದುಹೋಗಿದ್ದವು.

ಅವಳು ಕೆಂಡವಾದಳು. "ನನ್ನ ತಾಯಿಯ ದನಿಯ ಮೇಲೆ ಯಾರ ನಾಣ್ಯವನ್ನೂ ಇಡಗೊಡುವುದಿಲ್ಲ. ಸಣ್ಣದನ್ನೇ ಕಟ್ಟಿಕೊಡಿ. ಹಾರಿದರೆ ಹಾರಲಿ."

"ಊರಿಗೆಲ್ಲ ಒಂದು ಬುದ್ಧಿ, ನಿನಗೊಬ್ಬಳಿಗೆ ಬೇರೆಯೇ?" ಎಂದು ಭಾವ ರೇಗಿದ.

"ಹೌದು ಭಾವ, ಬೇರೆ. ಊರಿನವರಿಗೆ ಬೇಕಾದಷ್ಟು ರೆಕಾರ್ಡುಗಳಿವೆ. ನನಗಿರುವುದು ಇದೊಂದೇ" ಎಂದು ಅವಳು ಎಲ್ಲರ ಎದುರೇ ಸಣ್ಣ ಪ್ಲೇಯರನ್ನು ಹೊತ್ತುಕೊಂಡು ಹೊರಟಳು. ಅವಳ ಮನೆಯಲ್ಲಿ ತಾಯಿ ಈಗಲೂ ಒಂದು ಕಡೆ ಎಡವುತ್ತಾಳೆ, ಮತ್ತೆ ನಿಚ್ಚಳವಾಗಿ ಹಾಡುತ್ತಾಳೆ.

ಗುರುಗಳು ಮತ್ತೆ ತಂಬೂರಿ ಎತ್ತಿಕೊಂಡರು.

"ಹಾಗಾದರೆ ಹೋಗಬೇಡ ಅನ್ನುತ್ತೀರಾ?" ಎಂದ ಶಿಷ್ಯ.

"ಹೋಗು, ಆದರೆ ಅಲ್ಲಿಯ ಹಳೆಯ ಶಿಷ್ಯರಲ್ಲಿ ಒಬ್ಬನಾದರೂ ತನ್ನದೇ ದನಿಯಲ್ಲಿ ಹಾಡುತ್ತಾನೆಯೇ, ಮೊದಲು ಕೇಳಿ ಬಾ."