ಸವೆತಕ್ಕೆ ಸಂಬಳ

ಕೂತೇ ಸಂಬಳ ತಗೊಳ್ಳೋ ಗಂಡಸು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಾನೊಬ್ಬನೇ. ಹೇಗಂತೀರಾ, ಕೇಳಿ.

ನಮ್ಮ ಧಣಿ ಪಡಿಯಾರರಿಗೆ ಹಳೇ ಅಮೆರಿಕದ ಮನೆಗಳ ಹುಚ್ಚು. ಊಟಿ ರಸ್ತೆಯ ತಮ್ಮ ಬಂಗಲೆಗೆ ಅಲ್ಲಿಂದಲೇ ಇನ್ನೂರು ವರ್ಷ ಹಿಂದಿನ ಕುರ್ಚಿ, ಬೆಂಚು ತರಿಸಿ ಜೋಡಿಸಿದ್ದರು. ಅವರು ಬರುವುದು ವರ್ಷಕ್ಕೆ ಎರಡು ದಿನ. ಉಳಿದ ದಿನವೆಲ್ಲ ಅಲ್ಲಿರುವವನು ಕಾವಲುಗಾರನಾದ ನಾನು. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಸಂಜೆಯಾದರೆ ತೂಗುಕುರ್ಚಿಯಲ್ಲಿ ಕೂತು, ಅದು ಕಿರ್ರೆಂದಾಗಲೆಲ್ಲ ಹೂಂಗುಡುತ್ತಿದ್ದೆ.

ಈ ಸಲ ಗೆಳೆಯರನ್ನು ಕರೆತಂದ ಪಡಿಯಾರರು ಆ ಕುರ್ಚಿಯ ಕೈ ಮುಟ್ಟಿ ನೋಡಿದರು. ಬಣ್ಣ ಸವೆದಿತ್ತು.

"ಯಾವನೋ ಇದರಲ್ಲಿ ಕೂತದ್ದು?"

"ನಾನೇ ಸಾರ್, ಮೂರು ವರ್ಷದಿಂದ."

"ಗಂಟು ಕಟ್ಟು. ಇವತ್ತೇ ಹೊರಡು."

ಆದರೆ ನಾನು ಬಗ್ಗುವ ಪೈಕಿಯೇ?

"ಹೋಗ್ತೀನಿ ಸಾರ್. ಒಂದು ಮಾತು ಹೇಳಿ. ಈ ಪಕ್ಕದ ಬೆಂಚನ್ನ, ಜನ ಕೂತು ಸವೆಸಿದ್ದಾರೆ ಅಂತಲೇ ಹೆಚ್ಚು ದುಡ್ಡು ಕೊಟ್ಟು ತಂದ್ರಿ. ಕೂತೋರು ಯಾರು?"

"ಯಾರೋ ಅಲ್ಲಿನ ರೈತರು."

"ನಾನೂ ರೈತನ ಮಗನೇ. ಅವರ ಸವೆತಕ್ಕೆ ಲಕ್ಷ ಕೊಟ್ರಿ. ನಂದು ಬಿಟ್ಟಿ."

ಗೆಳೆಯರು ನಕ್ಕರು. ಒಬ್ಬರಂತೂ ನನ್ನ ಸವೆತವನ್ನೇ ಸವರಿ, "ಬೆಂಚಿಗಿಂತ ಇದೇ ಸೊಗಸಾಗಿದೆ ಕಣಯ್ಯ" ಎಂದರು. ಪಡಿಯಾರರು ಮುಖ ಊದಿಸಿಕೊಂಡರು. ಕೊನೆಗೆ, "ಉಳಿದವುಗಳಲ್ಲೂ ಕೂರು" ಎಂದು ಗೊಣಗಿ ಕಾರು ಹತ್ತಿದರು.

ಒಟ್ಟು ಹನ್ನೆರಡು ಕುರ್ಚಿಗಳಿವೆ. ದಿನಕ್ಕೊಂದರಲ್ಲಿ ಕೂರುತ್ತೇನೆ. ಯಾವುದರಲ್ಲಿ ಕೂತರೂ ಹನ್ನೊಂದು ಖಾಲಿ ಕಾಣುತ್ತವೆ.