ಬೊಂಬೆಗೆ ಕಟ್ಟಿದ ಹಗ್ಗ

“ಗುರುಗಳೇ, ಮಾಡಬೇಕಾದದ್ದನ್ನೆಲ್ಲ ಮಾಡಿದ ಮೇಲೂ ಒಬ್ಬ ಬಿದ್ದನಲ್ಲ, ಇನ್ನೇನು ಮಾಡುವುದು ಬಾಕಿ ಇದೆ?”

ಕೇಳಿದವನು ಚಿದಂಬರ. ಆಶ್ರಮದಲ್ಲಿ ಹೊಸದಾಗಿ ಏಳುತ್ತಿದ್ದ ಅನ್ನಛತ್ರದ ಉಸ್ತುವಾರಿ ಈ ಶಿಷ್ಯನದು. ಹಿಂದಿನ ದಿನ ಅಲ್ಲಿ ಹೊರಗೋಡೆಗೆ ಗಿಲಾವು ಬಳಿಯುತ್ತಿದ್ದ ಕೆಲಸದವನೊಬ್ಬ ಅಟ್ಟಣಿಗೆಯ ಹಲಗೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಆಸ್ಪತ್ರೆಯವರು ಇನ್ನೂ ಭರವಸೆಯ ಮಾತು ಹೇಳಿರಲಿಲ್ಲ.

“ಏನೇನು ಮಾಡಿದ್ದೆ?” ಎಂದರು ಗುರುಗಳು.

“ಭೂಮಿಪೂಜೆ ಮಾಡಿಸಿದೆ. ದಿಕ್ಕು ನೋಡಿಸಿ ಬಾಗಿಲು ಇಡಿಸಿದೆ. ಅಮಾವಾಸ್ಯೆ ಬಂದಾಗಲೆಲ್ಲ ಬೂದುಗುಂಬಳ ಒಡೆಸಿದೆ. ಮೇಲೆ ದೃಷ್ಟಿಬೊಂಬೆ ನಿಲ್ಲಿಸಿದ್ದೇನೆ. ಎಂಥ ಗಾಳಿಗೂ ಅಲುಗದ ಹಾಗೆ ಗಟ್ಟಿಯಾಗಿ ಕಟ್ಟಿಸಿದ್ದೇನೆ. ಇಷ್ಟಾದರೂ ಹೀಗಾಯಿತು. ಒಂದು ಶಾಂತಿಹೋಮ ಮಾಡಿಸಿದರೆ ಒಳ್ಳೆಯದು ಎಂದು ಮೇಸ್ತ್ರಿ ಹೇಳುತ್ತಾನೆ. ತಮ್ಮ ಅಪ್ಪಣೆಯಾಗಬೇಕು.”

“ಬಿದ್ದವನ ಹೆಸರೇನು?”

ಚಿದಂಬರ ತಡವರಿಸಿದ. “ಅದು ಮೇಸ್ತ್ರಿಗೆ ಗೊತ್ತಿರುತ್ತದೆ, ಗುರುಗಳೇ.”

ಗುರುಗಳು, “ಕೂತುಕೋ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ವ್ಯಾಪಾರಿಗೆ ಹೆಸರಿಲ್ಲ, ಮೇಸ್ತ್ರಿಗೂ ಹೆಸರಿಲ್ಲ. ದುಡಿಯುವ ಇಬ್ಬರಿಗೆ ಮಾತ್ರ ಇದೆ. ಅದನ್ನಾದರೂ ನೆನಪಿಟ್ಟುಕೋ,” ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಪೇಟೆಯ ನಡುವೆ ಮೂರು ಅಂತಸ್ತಿನ ಮನೆ ಕಟ್ಟಿಸುತ್ತಿದ್ದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಬಂದವರ ಮುಂದೆಲ್ಲ ನಿಟ್ಟುಸಿರು ಬಿಡುತ್ತಿದ್ದ. ಈ ಗಾದೆಯನ್ನು ಹೇಳುವವರೆಲ್ಲ ಕಟ್ಟಿಸುವವರು, ಚಿದಂಬರ. ಕಟ್ಟುವವರ ಬಾಯಲ್ಲಿ ನಾನು ಇದನ್ನು ಒಮ್ಮೆಯೂ ಕೇಳಿಲ್ಲ.

ವ್ಯಾಪಾರಿ ಒಳ್ಳೆಯವನು. ಕೂಲಿಯನ್ನು ವಾರದ ವಾರ ತಪ್ಪದೆ ಕೊಡುತ್ತಿದ್ದ. ಬಿಸಿಲೇರಿದರೆ ಮನೆಯಿಂದ ಮಜ್ಜಿಗೆ ಕಳಿಸುತ್ತಿದ್ದ. ಯಾರನ್ನೂ ಹಗುರವಾಗಿ ಮಾತಾಡಿಸಿದವನಲ್ಲ. ಅವನು ದುಷ್ಟನಾಗಿದ್ದರೆ ನಾನು ಈ ಕತೆಯನ್ನು ನಿನಗೆ ಹೇಳುತ್ತಲೇ ಇರಲಿಲ್ಲ. ದುಷ್ಟರ ಕತೆ ಕೇಳಿ ನಾವೆಲ್ಲ ಹಾಯಾಗಿ ನಿದ್ದೆ ಮಾಡುತ್ತೇವೆ.

ಆ ಮನೆಯ ಕೆಲಸಕ್ಕೆ ಯಮನೂರಪ್ಪ ಎಂಬ ಗೌಂಡಿ ಬಂದ. ಗೋಡೆ ಕಟ್ಟುವುದು, ಗಿಲಾವು ಬಳಿಯುವುದು ಅವನ ಕಸುಬು. ಅವನ ಹೆಂಡತಿ ಹುಲಿಗೆವ್ವ ಅಲ್ಲಿಯೇ ಕಲಸಿದ ಸಿಮೆಂಟನ್ನು ಬುಟ್ಟಿಯಲ್ಲಿ ಹೊರುತ್ತಿದ್ದಳು. ಗಂಡ ಮೇಲೆ ಬಿದಿರಿಗೆ ಕಟ್ಟಿದ ಹಲಗೆಯ ಮೇಲೆ, ಹೆಂಡತಿ ಕೆಳಗೆ ಮರಳಿನ ಗುಡ್ಡೆಯ ಹತ್ತಿರ. ಹೀಗೆ ಎಷ್ಟೋ ಊರುಗಳಲ್ಲಿ ಎಷ್ಟೋ ಮನೆ ಎಬ್ಬಿಸಿದವರು. ಅವರಿಗೊಂದು ಮನೆ ಇತ್ತೋ ಇಲ್ಲವೋ, ಆ ಮಾತು ಈ ಕತೆಗೆ ಬೇಡ.

ಒಂದು ದಿನ ಯಮನೂರಪ್ಪನ ಕಾಲ ಕೆಳಗಿನ ಹಲಗೆ ಜಾರಿತು. ಕೈಗೆ ಬಿದಿರು ಸಿಕ್ಕಿತು, ಜೋತುಬಿದ್ದ. ಪಕ್ಕದವರು ಎಳೆದುಕೊಂಡರು. ಆಮೇಲೆ ಎಲ್ಲರೂ ನಕ್ಕರು, ಯಮನೂರಪ್ಪನೂ ನಕ್ಕ. ಬೀಳದೆ ಉಳಿದರೆ ಅದು ಆ ಜಾಗದಲ್ಲಿ ತಮಾಷೆ. ಹುಲಿಗೆವ್ವ ಮಾತ್ರ ನಗಲಿಲ್ಲ. ಬುಟ್ಟಿಯನ್ನು ಅಲ್ಲೇ ಇಳಿಸಿ, ಸಿಮೆಂಟಿನ ಕೈಯಲ್ಲೇ ವ್ಯಾಪಾರಿಯ ಅಂಗಡಿಗೆ ಹೋದಳು.

“ಸಾವಕಾರ್ರ, ನನ್ನ ಗಂಡನ ಸ್ವಂಟಕ್ಕ ಕಟ್ಟಾಕ ಒಂದು ಗಟ್ಟಿ ಹಗ್ಗ ಕೊಡಸ್ರಿ. ನಾ ನಿಮಗ ಮತ್ತೇನೂ ಬೇಡಂಗಿಲ್ಲ.”

ವ್ಯಾಪಾರಿಯ ಮನಸ್ಸು ಕರಗಿತು. ಇಷ್ಟು ಸಣ್ಣದನ್ನು ಕೇಳಿಸಿಕೊಳ್ಳುವ ತನಕ ತನಗೆ ಹೊಳೆಯಲಿಲ್ಲವಲ್ಲ ಎಂದು ನೊಂದುಕೊಂಡ. ಅಂದೇ ಹೊಸ ನೈಲಾನ್ ಹಗ್ಗ ಬಂತು. ನೀಲಿ ಬಣ್ಣದ್ದು, ಹೆಬ್ಬೆರಳಿನಷ್ಟು ದಪ್ಪ. ಒಂದು ತುದಿ ಕಂಬದ ಕಬ್ಬಿಣಕ್ಕೆ, ಇನ್ನೊಂದು ತುದಿ ಯಮನೂರಪ್ಪನ ಸೊಂಟಕ್ಕೆ.

ಜೊತೆಯವರು ಸುಮ್ಮನಿರುತ್ತಾರೆಯೇ? “ಏನಲೇ ಯಮನೂರಾ, ಯಾವ ಸಂತಿಗೆ ಹೊಡಕೊಂಡು ಹೊಂಟಾಳೊ ನಿನ್ನ ಹೇಣ್ತಿ?” ಎಂದು ಕಾಡಿದರು. ಅವನು ಕೆಲವು ದಿನ ನಾಚಿದ. ಆಮೇಲೆ ಹಗ್ಗ ಇದೆ ಎಂಬುದನ್ನೇ ಮರೆತು ಕೆಲಸ ಮಾಡತೊಡಗಿದ.

ಹುಲಿಗೆವ್ವ ಮರೆಯಲಿಲ್ಲ. ತುಂಬಿದ ಬುಟ್ಟಿ ತಲೆಯ ಮೇಲಿದ್ದಾಗ ಯಾರೂ ಕತ್ತೆತ್ತಿ ನೋಡಲಾರರು. ನೋಡಿದರೆ ಬುಟ್ಟಿ ಉರುಳುತ್ತದೆ. ಅವಳು ಬುಟ್ಟಿ ಇಳಿಸಿ ಬರಿತಲೆಯಲ್ಲಿ ತಿರುಗುವಾಗ ಪ್ರತಿ ಸಲವೂ ಮೇಲೆ ನೋಡುತ್ತಿದ್ದಳು. ಗಂಡನ ಮುಖವನ್ನಲ್ಲ, ಸೊಂಟವನ್ನು. ನೀಲಿ ಕಂಡರೆ ಮುಂದಿನ ಬುಟ್ಟಿಗೆ ಹೋಗುತ್ತಿದ್ದಳು.

ಆಷಾಢ ಬಂತು. ಗಾಳಿ ಎದ್ದಿತು. ಮನೆಯ ನೆತ್ತಿಯ ಮೇಲೆ ಒಂದು ದೃಷ್ಟಿಬೊಂಬೆ ನಿಂತಿತ್ತು. ಹುಲ್ಲು ತುಂಬಿದ ಅಂಗಿ, ಮಡಕೆಯ ತಲೆ, ಮಸಿಯ ಮೀಸೆ. ಅದನ್ನು ತೆಂಗಿನ ನಾರಿನಲ್ಲಿ ಕಟ್ಟಿದ್ದರು. ಆ ದಿನ ವ್ಯಾಪಾರಿ ತನ್ನ ಬೀಗರನ್ನು ಮನೆ ತೋರಿಸಲು ಕರೆತಂದಿದ್ದ. ನಾರು ಹರಿಯಿತು, ಬೊಂಬೆ ಬಂದು ಬೀಗರ ಕಾಲ ಬುಡದಲ್ಲಿ ಬಿತ್ತು. ಮರಳಿನ ಮೇಲೆ ಬಿದ್ದಿದ್ದರಿಂದ ಮಡಕೆ ಒಡೆಯಲಿಲ್ಲ, ಅವರ ಮುಖ ನೋಡಿತು. ಬೀಗರ ಮುಖ ಕಪ್ಪಿಟ್ಟಿತು. ಗೃಹಪ್ರವೇಶಕ್ಕೆ ಮೊದಲು ಬೊಂಬೆ ಬಿದ್ದರೆ ಮನೆ ಏಳಿಗೆಯಾಗುವುದಿಲ್ಲ ಎಂದು ಮೇಸ್ತ್ರಿ ಗೊಣಗಿದ. ವ್ಯಾಪಾರಿಗೆ ನಿಂತ ನೆಲ ಕುಸಿದಂತಾಯಿತು.

“ಈಗಿಂದೀಗ ಕಟ್ಟಸು, ಮೇಸ್ತ್ರಿ. ಇನ್ನೊಮ್ಮೆ ಅದು ಬೀಳಬಾರದು ನೋಡು,” ಎಂದ.

ಮೇಸ್ತ್ರಿ ಸುತ್ತ ನೋಡಿದ. ಹಳೆಯ ಹಗ್ಗವೆಲ್ಲ ಅಟ್ಟಣಿಗೆಯ ಬಿದಿರಿಗೆ ಸುತ್ತಿತ್ತು. ಅಲ್ಲಿ ಗಟ್ಟಿಯಾದ ಹಗ್ಗ ಒಂದೇ ಒಂದು, ಅದು ಯಮನೂರಪ್ಪನ ಸೊಂಟದಲ್ಲಿತ್ತು.

“ಯಮನೂರಾ, ಅದನ್ನ ಬಿಚ್ಚಿ ಕೊಡೋ. ಸಂಜಿ ಮುಂದ ನಿನಗ ಬ್ಯಾರೇದು ತರಸ್ತೀನಿ.”

ಯಮನೂರಪ್ಪ ಬಿಚ್ಚಿದ. ಬಿಚ್ಚಿದ್ದಷ್ಟೇ ಅಲ್ಲ, ಬೊಂಬೆಯನ್ನು ಹೆಗಲ ಮೇಲೆ ಹಾಕಿಕೊಂಡು ತಾನೇ ಮೇಲೆ ಹತ್ತಿದ. ಕಂಬಕ್ಕೂ ಬೊಂಬೆಗೂ ಸೇರಿಸಿ ಸುತ್ತು ಸುತ್ತಾಗಿ ಬಿಗಿದ. ಪ್ರತಿ ಸುತ್ತಿಗೂ ಒಂದು ಗಂಟು ಹಾಕಿದ. ಅನ್ನ ಕೊಡುವ ಸಾವಕಾರನ ಮನೆಗೆ ಕೇಡಾಗಬಾರದು ಎಂದು ಅವನ ಮನಸ್ಸಿನಲ್ಲಿ ನಿಜವಾಗಿಯೂ ಇತ್ತು. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ, ಚಿದಂಬರ. ಯಾರೂ ಅವನಿಂದ ಕಿತ್ತುಕೊಳ್ಳಲಿಲ್ಲ.

ಸಂಜೆ ಹಗ್ಗ ಬರಲಿಲ್ಲ. ಅಂಗಡಿ ಮುಚ್ಚಿತ್ತು ಎಂದ ಮೇಸ್ತ್ರಿ. ಮರುದಿನ ಮರೆತೆ ಎಂದ. ಅದರ ಮರುದಿನ ನಾಳೆ ಎಂದ. ವ್ಯಾಪಾರಿ ದಿನವೂ ಬಂದು ಕತ್ತೆತ್ತಿ ನೋಡುತ್ತಿದ್ದ. ಬೊಂಬೆ ನೆಟ್ಟಗೆ ನಿಂತಿರುತ್ತಿತ್ತು. ಅವನ ಕಣ್ಣು ಅದರ ಕೆಳಗಿನ ಹಲಗೆಗೆ ಇಳಿಯುತ್ತಿರಲಿಲ್ಲ. ಸಮಾಧಾನದಿಂದ ಅಂಗಡಿಗೆ ಹೋಗುತ್ತಿದ್ದ.

ಹುಲಿಗೆವ್ವನ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. ನೀಲಿ ಅಲ್ಲಿಲ್ಲ, ಮೇಲಿದೆ. ಮೇಸ್ತ್ರಿಯನ್ನು ಕೇಳಿದಳು, “ತರಸ್ತೀನಿ ಬಿಡಬೇ” ಎಂದ. ಗಂಡನಿಗೆ ಹೇಳಿದಳು, “ಹೋಗಿ ಬಿಚ್ಚಕೊಂಡು ಬಾ” ಎಂದು. ಅವನು, “ಬೊಂಬಿ ಬಿಚ್ಚಿದ್ರ ಮನಿಗೆ ಕೆಟ್ಟಾಗ್ತದಂತ. ಇನ್ನ ನಾಕು ದಿನದ ಕೆಲಸ ಐತಿ, ಸುಮ್ನಿರು,” ಎಂದ. ಅವಳು ಸುಮ್ಮನಾದಳು. ಅವಳಿಗೂ ಬೊಂಬೆಯ ಭಯವಿತ್ತು. ಆ ಕಟ್ಟಡದಲ್ಲಿ ಬೊಂಬೆಗೆ ಹೆದರದವರು ಯಾರೂ ಇರಲಿಲ್ಲ. ಹಲಗೆಗೆ ಹೆದರಿದವಳು ಅವಳೊಬ್ಬಳೇ, ಅವಳ ಹೆದರಿಕೆಯೂ ಬೊಂಬೆಯ ಮುಂದೆ ಸೋತಿತು.

ಒಂದು ಮಧ್ಯಾಹ್ನ ಗಾಳಿ ಜೋರಾಯಿತು. ಹಲಗೆ ಎದ್ದಿತು. ಯಮನೂರಪ್ಪನ ಕೈ ಬಿದಿರಿಗೆ ಹೋಗಲಿಲ್ಲ, ಮೊದಲು ತನ್ನ ಸೊಂಟಕ್ಕೆ ಹೋಯಿತು ಎಂದು ಕಂಡವರು ಹೇಳಿದರು. ಅಷ್ಟು ದಿನ ಕಟ್ಟಿದ್ದ ಹಗ್ಗದ ಅಭ್ಯಾಸ. ಹುಲಿಗೆವ್ವ ನೋಡಲಿಲ್ಲ. ಅವಳ ತಲೆಯ ಮೇಲೆ ತುಂಬಿದ ಬುಟ್ಟಿ ಇತ್ತು. ಅವಳಿಗೆ ಸದ್ದು ಮಾತ್ರ ಕೇಳಿಸಿತು.

ಮೇಲೆ ಬೊಂಬೆಯ ಅಂಗಿ ಪಟಪಟ ಹೊಡೆದುಕೊಂಡಿತು. ಬೊಂಬೆ ಅಲುಗಲಿಲ್ಲ.

ವ್ಯಾಪಾರಿ ಎದೆ ಬಡಿದುಕೊಂಡು ಅತ್ತ. ಸುಳ್ಳು ಅಳುವಲ್ಲ. ತನ್ನ ಗಾಡಿಯಲ್ಲೇ ಹೆಣವನ್ನು ಅವರ ಊರಿಗೆ ಒಯ್ದ, ಮಣ್ಣಿಗೆ ನಿಂತ, ತಾನೂ ಒಂದು ಹಿಡಿ ಮಣ್ಣು ಹಾಕಿದ. ಇಂಥ ಸಾವಕಾರ ಎಲ್ಲಿಯೂ ಸಿಗುವುದಿಲ್ಲ ಎಂದು ಊರು ಹೊಗಳಿತು. ಹಿಂದಿರುಗಿ ಬಂದ ಮೇಲೆ ಮೇಸ್ತ್ರಿ ಹತ್ತಿರ ಸರಿದು ಹೇಳಿದ: “ಮನಿಗೆ ಬರೋದು ಅವನ ಮ್ಯಾಲ ಹೋತ್ರಿ. ದೃಷ್ಟಿ ಅಷ್ಟು ಕೆಟ್ಟದಿತ್ತು. ಒಂದು ಬೊಂಬಿ ಸಾಲೂದಿಲ್ಲ, ಇನ್ನೊಂದು ನಿಲ್ಲಸೂಣ್ರಿ.”

ವ್ಯಾಪಾರಿ ತಲೆಯಾಡಿಸಿದ. ಎರಡನೆಯ ಬೊಂಬೆ ಬಂತು, ಮೊದಲಿನದಕ್ಕಿಂತ ದೊಡ್ಡದು. ಅದನ್ನು ಕಟ್ಟಲು ಹೊಸ ಹಗ್ಗ ಬೇಕಾಯಿತು. ಹಗ್ಗ ಸಂಜೆಯ ಚಹಾಕ್ಕೆ ಮೊದಲೇ ಬಂತು. ಆ ದಿನ ಅಂಗಡಿ ತೆರೆದಿತ್ತು, ಮೇಸ್ತ್ರಿಗೆ ನೆನಪೂ ಇತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾವು ನಗುತ್ತೇವೆ. ಅವರಾದರೂ ಬಾಗಿಲು ಹಾಕಿದರು. ಇಲ್ಲಿ ಅದನ್ನೂ ಹಾಕಲಿಲ್ಲ. ಯಮನೂರಪ್ಪ ನಿಂತಿದ್ದ ಹಲಗೆಯ ಮೇಲೆ ಮರುವಾರ ಇನ್ನೊಬ್ಬ ನಿಂತ, ಬರಿ ಸೊಂಟದಲ್ಲಿ.

ಗೃಹಪ್ರವೇಶದ ದಿನ ವ್ಯಾಪಾರಿ ಹುಲಿಗೆವ್ವನಿಗೆ ಹೇಳಿ ಕಳಿಸಿದ. ಅವಳು ಬಂದು ಬಾಗಿಲ ಹೊರಗೆ ನಿಂತಳು. ಅವನು ತಾನೇ ಹೊರಗೆ ಬಂದು ಸೀರೆ ಕೊಟ್ಟ. ಕಣ್ಣಲ್ಲಿ ನೀರು ತಂದುಕೊಂಡು, ಇನ್ನೇನು ಬೇಕಾದರೂ ಕೇಳು ತಾಯಿ ಎಂದ.

“ಮ್ಯಾಲಿನ ಆ ನೀಲಿ ಹಗ್ಗ ಕೊಡ್ರಿ. ನನ್ನ ಮೈದುನ ಬ್ಯಾರೆ ಕಡೆ ಗ್ವಾಡಿ ಮ್ಯಾಲ ನಿಂತಾನ. ಅವನಿಗೆ ಬೇಕು.”

ವ್ಯಾಪಾರಿ ಇಲ್ಲ ಎನ್ನಲಿಲ್ಲ. ಮನೆ ಹೊಕ್ಕಿದ್ದಾಯಿತು, ಇನ್ನು ಬೊಂಬೆ ಇಳಿಸಬಹುದು. ಆಳುಗಳು ಮೇಲೆ ಹತ್ತಿದರು. ಯಮನೂರಪ್ಪ ಹಾಕಿದ ಗಂಟು ಒಬ್ಬರ ಕೈಯಲ್ಲೂ ಬಿಚ್ಚಲಾಗಲಿಲ್ಲ. ಒಂದರ ಕೆಳಗೆ ಇನ್ನೊಂದು. ಬಿಸಿಲು, ಮಳೆ ಸೇರಿ ಗಂಟುಗಳೆಲ್ಲ ಕಲ್ಲಾಗಿದ್ದವು. ಒಳಗೆ ಊಟಕ್ಕೆ ಎಲೆ ಹಾಕಿದ್ದರು, ಹೊತ್ತಾಗುತ್ತಿತ್ತು. ಕೊನೆಗೆ ಕುಡುಗೋಲು ತೆಗೆದುಕೊಂಡು ಸುತ್ತುಗಳನ್ನೆಲ್ಲ ಒಟ್ಟಿಗೆ ಕೊಯ್ದರು. ಕೆಳಗೆ ಬಂದದ್ದು ಹಗ್ಗವಲ್ಲ, ಮೊಳದುದ್ದದ ತುಂಡುಗಳು.

ವ್ಯಾಪಾರಿಗೆ ನಾಚಿಕೆಯಾಯಿತು. “ಹೊಸಾದು ತರಸ್ತೀನವ್ವ, ನಾಳೆ ಬಾ,” ಎಂದ.

ಹುಲಿಗೆವ್ವ ಸೀರೆಯನ್ನು ಹೊಸ್ತಿಲ ಮೇಲೆ ಇಟ್ಟಳು. ತುಂಡುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ನಾಳೆ ಎಂಬ ಮಾತನ್ನು ಅವಳು ಮೇಸ್ತ್ರಿಯ ಬಾಯಲ್ಲಿ ಕೇಳಿದ್ದಳು. ಮರುದಿನ ಅವಳು ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕಿಟಕಿಯ ಆಚೆ ಅನ್ನಛತ್ರದ ಕೆಲಸ ನಡೆದಿತ್ತು. ಬೆಳಿಗ್ಗೆಯೇ ಹೊಸಬನೊಬ್ಬ ಹಲಗೆ ಹತ್ತಿದ್ದ. ಅವನು ಗೋಡೆಗೆ ಸಿಮೆಂಟು ಎರಚುವ ಸದ್ದು ಒಳಗೆ ಕೇಳಿಸುತ್ತಿತ್ತು.

“ಆ ವ್ಯಾಪಾರಿಗೆ ಆಮೇಲೆ ಏನಾಯಿತು, ಗುರುಗಳೇ?” ಎಂದ ಚಿದಂಬರ.

“ಏನೂ ಆಗಲಿಲ್ಲ. ಆ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಚೆನ್ನಾಗಿ ಬಾಳಿದ. ಬೊಂಬೆ ಫಲ ಕೊಟ್ಟಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಶಿಕ್ಷೆಯಾಗಲಿ ಎಂದು ನೀನು ಕಾಯುತ್ತಿದ್ದೆ, ಅಲ್ಲವೇ? ಶಿಕ್ಷೆ ಆಗುವಂತಿದ್ದರೆ ನಮಗೆ ಕತೆ ಬೇಕಾಗುತ್ತಿರಲಿಲ್ಲ.”

ಚಿದಂಬರ ಕೈಮುಗಿದು ಎದ್ದ. ಬಾಗಿಲವರೆಗೆ ಹೋಗಿ, ಏನೋ ನೆನಪಾದಂತೆ ತಿರುಗಿ ನಿಂತು, “ಹಾಗಾದರೆ ಶಾಂತಿಹೋಮ ಮಾಡಿಸಲೋ, ಬೇಡವೋ?” ಎಂದು ಕೇಳಿದ.

“ಮಾಡಿಸು, ಅದಕ್ಕೆ ಮೊದಲು ಮೇಲೆ ಹತ್ತಿ, ಎಂಥ ಗಾಳಿಗೂ ಅಲುಗದ ನಿನ್ನ ಬೊಂಬೆ ಯಾರ ಹಗ್ಗದಲ್ಲಿ ನಿಂತಿದೆ ಎಂದು ನೋಡಿ ಬಾ.”